‘ಮುಟ್ಟಬೇಡ’ ಎಂದ ಮೊಟ್ಟೆಯನ್ನು ಈಗ ತಿನ್ನು ಅನ್ನುವುದು ಹೇಗೆ?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿ. ಸಣ್ಣ ಕಾಫಿ ತೋಟ ಇದೆ. ಮಗಳಿಗೆ ಐದು ವರ್ಷ. ವರ್ಷ ತುಂಬುವ ಮೊದಲು ಮೊಟ್ಟೆ ತಿನ್ನಿಸಿದಾಗ ಮೈಯೆಲ್ಲ ಗಂಧೆ ಎದ್ದು, ತುಟಿ ಊದಿ, ವಾಂತಿಯಾಗಿತ್ತು. ಅಂದಿನಿಂದ ಮೊಟ್ಟೆ, ಕೇಕ್ ಯಾವುದೂ ಕೊಟ್ಟಿಲ್ಲ. ಈಗ ಮಂಗಳೂರಿನ ಡಾಕ್ಟರ್ ರಕ್ತ ಪರೀಕ್ಷೆ ನೋಡಿ, ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ಮೊಟ್ಟೆ ಕೊಟ್ಟು ನೋಡೋಣ ಅಂದಿದ್ದಾರೆ. ಮುಂದಿನ ತಿಂಗಳು ದಿನ ಗೊತ್ತಾಗಿದೆ. ಆದರೆ ‘ಮೊಟ್ಟೆ ಮುಟ್ಟಿದರೆ ಆಸ್ಪತ್ರೆ ಸೇರ್ತೀಯಾ’ ಎಂದು ಹೆದರಿಸಿ ಬೆಳೆಸಿದವಳು ನಾನೇ. ಈಗ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಿನ್ನು ಎಂದು ಹೇಗೆ ಹೇಳಲಿ? ಅತ್ತೆ ‘ಅಷ್ಟು ದೂರ ಯಾಕೆ, ಮನೇಲೇ ಒಂದು ಚೂರು ಕೊಟ್ಟು ನೋಡು’ ಅನ್ನುತ್ತಾರೆ. ಗಂಡ ‘ಈ ಪರೀಕ್ಷೆಯೇ ಬೇಡ’ ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ.
– ಹೆಸರು ಬೇಡ, ಮಡಿಕೇರಿ

ಉತ್ತರ: ತಂಗಿ, ಹೆದರಿಸಿದ್ದಕ್ಕೆ ನೊಂದುಕೊಳ್ಳಬೇಡಿ. ಎರಡು ವರ್ಷದ ಮಗುವಿಗೆ ಅಲರ್ಜಿ ಎಂದರೆ ಏನು ಗೊತ್ತಾಗುತ್ತದೆ? ಆ ಹೆದರಿಕೆ ಇಷ್ಟು ವರ್ಷ ಅವಳನ್ನು ಕಾಪಾಡಿದೆ. ಈಗಲೂ ಅದನ್ನು ಪೂರ್ತಿ ಅಳಿಸಬೇಕಾಗಿಲ್ಲ, ಸ್ವಲ್ಪ ತಿದ್ದಿದರೆ ಸಾಕು. ಇದುವರೆಗೆ ‘ಮೊಟ್ಟೆ ಬೇಡವೇ ಬೇಡ’ ಎಂದಿತ್ತು. ಇನ್ನು ‘ಡಾಕ್ಟರ್ ಪಕ್ಕದಲ್ಲಿದ್ದಾಗ ಮಾತ್ರ’ ಎಂದಾಗಲಿ. ಪರೀಕ್ಷೆ ಮುಗಿಯುವವರೆಗೆ ಅಜ್ಜಿ ಕೊಟ್ಟರೂ, ಪಕ್ಕದ ಮನೆಯವರು ಕೊಟ್ಟರೂ, ನೀವೇ ಕೊಟ್ಟರೂ ಬೇಡ. ಮಕ್ಕಳಿಗೆ ಇಂಥ ನಿಯಮ ಚೆನ್ನಾಗಿ ಅರ್ಥವಾಗುತ್ತದೆ. ನಮಗಿಂತ ಜಾಸ್ತಿ ಶಿಸ್ತಾಗಿ ಪಾಲಿಸುತ್ತಾರೆ ಕೂಡ.

ಹೇಳುವುದನ್ನು ಈಗಲೇ ಶುರು ಮಾಡಬೇಡಿ. ಐದು ವರ್ಷದ ಮಗುವಿಗೆ ಮುಂದಿನ ತಿಂಗಳು ಎಂದರೆ ಲೆಕ್ಕಕ್ಕೆ ಸಿಗುವುದಿಲ್ಲ, ಸುಮ್ನೆ ಭಯ ಬೆಳೆಯುತ್ತದೆ. ಎರಡು ಮೂರು ದಿನ ಮೊದಲು ಹೇಳಿದರೆ ಸಾಕು. ‘ನೀನು ಪಾಪು ಆಗಿದ್ದಾಗ ಮೊಟ್ಟೆ ನಿನ್ನ ಮೈಗೆ ಆಗ್ತಿರಲಿಲ್ಲ. ಈಗ ನೀನು ದೊಡ್ಡವಳಾಗಿದ್ದೀಯ. ಈಗ ಆಗುತ್ತಾ ಅಂತ ಡಾಕ್ಟರ್ ನೋಡ್ತಾರೆ. ಚೂರು ಚೂರೇ ಕೊಡ್ತಾರೆ. ತುರಿಸಿದರೆ, ಹೊಟ್ಟೆ ನೋವಾದರೆ ತಕ್ಷಣ ಔಷಧಿ ಕೊಡ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ.’ ಇಷ್ಟೇ.

‘ಏನೂ ಆಗಲ್ಲ’ ಎಂಬ ಮಾತು ಮಾತ್ರ ಬೇಡ. ಏನಾದರೂ ಆಗಬಹುದು ಎಂದೇ ಅಲ್ವಾ ಆಸ್ಪತ್ರೆಗೆ ಹೋಗುವುದು? ‘ಸೂಜಿ ಚುಚ್ಚಲ್ಲ’ ಎಂದೂ ಹೇಳಬೇಡಿ. ಕೆಲವು ಕಡೆ ಮುನ್ನೆಚ್ಚರಿಕೆಗೆ ಕೈಗೆ ಮೊದಲೇ ಸೂಜಿ ಹಾಕಿಡುತ್ತಾರೆ. ಅಲ್ಲಿ ಹಾಗೆ ಮಾಡುತ್ತಾರಾ ಎಂದು ಫೋನ್ ಮಾಡಿ ಕೇಳಿಕೊಂಡು, ಇದ್ದದ್ದನ್ನೇ ಅವಳಿಗೆ ಹೇಳಿ.

ಮೈಯಲ್ಲಿ ಏನಾಗುತ್ತಿದೆ ಎಂದು ಹೇಳುವ ಮಾತುಗಳನ್ನೂ ಅವಳಿಗೆ ಕಲಿಸಿಡಿ. ನಾಲಿಗೆ ಚುರುಚುರು ಅನ್ನುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ, ಹೊಟ್ಟೆ ತೊಳಸುತ್ತಿದೆ. ಆದರೆ ಅಲ್ಲಿ ಕೂತು ಎರಡು ನಿಮಿಷಕ್ಕೊಮ್ಮೆ ‘ತುರಿಸ್ತಿದ್ಯಾ?’ ಎಂದು ಕೇಳಬೇಡಿ. ಅಷ್ಟು ಸಲ ಕೇಳಿದರೆ ನನಗೂ ತುರಿಸುತ್ತದೆ! ನೋಡಿಕೊಳ್ಳಲು ನರ್ಸ್ ಇರುತ್ತಾರೆ.

ಇನ್ನು ರುಚಿಯ ವಿಷಯ. ಇದನ್ನು ತುಂಬಾ ಜನ ಮರೆಯುತ್ತಾರೆ. ಬುದ್ಧಿ ಬಂದ ಮೇಲೆ ಮೊಟ್ಟೆಯನ್ನೇ ತಿನ್ನದ ಮಗುವಿಗೆ ಅದರ ವಾಸನೆಯೇ ಹಿಡಿಸದಿರಬಹುದು. ಅಲರ್ಜಿಯ ಸುಳಿವೇ ಇಲ್ಲದಿದ್ದರೂ, ಮಗು ಬಾಯಿ ತೆರೆಯಲಿಲ್ಲ ಎಂದು ಪರೀಕ್ಷೆ ಅರ್ಧಕ್ಕೆ ನಿಲ್ಲುವುದುಂಟು. ಹಾಗಾಗಿ ಎರಡು ವಿಷಯ ಮೊದಲೇ ಕೇಳಿ. ಕೊಡುವುದು ಬೇಯಿಸಿದ ಮೊಟ್ಟೆಯಾ, ಕೇಕಿನಂತೆ ಹಿಟ್ಟಿನಲ್ಲಿ ಸೇರಿಸಿ ಸುಟ್ಟದ್ದಾ? ಅವಳಿಗೆ ಇಷ್ಟವಾದ ಯಾವುದರ ಜೊತೆ ಬೆರೆಸಬಹುದು? ಆಲೂಗಡ್ಡೆ ಆಗಬಹುದು ಅಂದರೆ ಮನೆಯಲ್ಲಿ ಬರೀ ಆಲೂಗಡ್ಡೆ ಕಿವುಚಿಟ್ಟುಕೊಂಡು ಆಟ ಆಡಿ. ಒಂದು ಪುಟ್ಟ ಚಮಚ, ಆಮೇಲೆ ಒಂದು ಕತೆ, ಆಮೇಲೆ ಇನ್ನೊಂದು ಚಮಚ. ಅವಳು ಡಾಕ್ಟರ್, ನೀವು ಮಗು. ಅಲ್ಲಿಯೂ ಹಾಗೇ ನಡೆಯುತ್ತದೆ. ಮೊದಲು ತೀರಾ ಕಡಿಮೆ, ಹದಿನೈದು ಇಪ್ಪತ್ತು ನಿಮಿಷ ಕಾಯುವುದು, ಮತ್ತೆ ಸ್ವಲ್ಪ ಹೆಚ್ಚು. ಕೊನೆಯ ತುತ್ತಾದ ಮೇಲೂ ಒಂದೆರಡು ಗಂಟೆ ಕೂರಿಸುತ್ತಾರೆ. ಅರ್ಧ ದಿನಕ್ಕೂ ಜಾಸ್ತಿಯೇ ಹಿಡಿಯಬಹುದು. ಬಣ್ಣದ ಪೆನ್ಸಿಲ್, ಚಿತ್ರದ ಪುಸ್ತಕ, ಬದಲಿ ಬಟ್ಟೆ ಇಟ್ಟುಕೊಳ್ಳಿ. ಬೇರೆ ಯಾವುದರಲ್ಲೋ ಬಚ್ಚಿಟ್ಟು, ಸುಳ್ಳು ಹೇಳಿ ತಿನ್ನಿಸಬೇಡಿ. ಗೊತ್ತಾದ ದಿನ ನಿಮ್ಮ ಕೈಯ ಊಟವನ್ನೂ ಅನುಮಾನಿಸುತ್ತಾಳೆ.

ಔಷಧಿಯ ವಿಷಯದಲ್ಲಿ ಕೊಡಗಿನವರು ವಿಶೇಷವಾಗಿ ಎಚ್ಚರವಾಗಿರಬೇಕು. ಅಲರ್ಜಿ ತಡೆಯುವ ಸೆಟಿರಿಜಿನ್‌ನಂಥ ಔಷಧಿ ಮೈಯಲ್ಲಿದ್ದರೆ ಪರೀಕ್ಷೆಯ ಫಲ ನಂಬುವಂತಿರುವುದಿಲ್ಲ. ಮೊದಲ ಲಕ್ಷಣಗಳು ಮುಚ್ಚಿಹೋಗಬಹುದು. ಅದನ್ನು ಕೆಲವು ದಿನ, ಕೆಲವೊಮ್ಮೆ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಆದರೆ ಇದೇ ಜಾತಿಯ ಔಷಧಿ ಎಷ್ಟೋ ಶೀತದ ಸಿರಪ್‌ಗಳಲ್ಲೂ ಇದೆ. ನಮ್ಮ ಚಳಿಗೆ ಮಕ್ಕಳ ಮೂಗು ಸೋರಿದರೆ ಕಪಾಟಿನ ಬಾಟಲಿಗೆ ಕೈ ಹೋಗುತ್ತದಲ್ಲ, ಅದೇ. ಇನ್ನೊಂದು, ಸಂಪಾಜೆ ಘಾಟಿ. ತಿರುವಿನಲ್ಲಿ ವಾಂತಿಯಾಗದಿರಲಿ ಎಂದು ಕೊಡುವ ಮಾತ್ರೆ, ಸಿರಪ್‌ಗಳಲ್ಲಿ ಹಲವು ಇದೇ ಗುಂಪಿನವು. ಅವೊಮಿನ್‌ನಲ್ಲಿರುವ ಪ್ರೊಮೆಥಜಿನ್ ಕೂಡ ಅದೇ. ಬೆಳಿಗ್ಗೆ ಅದನ್ನು ಕುಡಿಸಿ ಕರೆದೊಯ್ದರೆ ಅಷ್ಟು ದೂರ ಹೋದದ್ದೇ ದಂಡ. ಮನೆಯಲ್ಲಿರುವ ಬಾಟಲಿಗಳ ಚೀಟಿಯ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ, ಯಾವುದು ಯಾವಾಗ ನಿಲ್ಲಬೇಕು ಎಂದು ಬರೆಸಿಕೊಳ್ಳಿ. ಉಬ್ಬಸಕ್ಕೆ ಇನ್‌ಹೇಲರ್ ಇದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ನಡುವೆ ಅಲರ್ಜಿ ಎದ್ದರೆ ಔಷಧಿ ಕೊಟ್ಟೇ ಕೊಡಿ, ಪರೀಕ್ಷೆ ಮುಂದೆ ಹೋಗಲಿ. ಜ್ವರ, ಕೆಮ್ಮು, ಉಬ್ಬಸ ಇದ್ದರೂ ಹೊರಡುವ ಮೊದಲೇ ಫೋನ್ ಮಾಡಿ.

ಸಾಧ್ಯವಾದರೆ ಹಿಂದಿನ ದಿನವೇ ಘಾಟಿ ಇಳಿದು ಮಂಗಳೂರಿನಲ್ಲಿ ಉಳಿಯಿರಿ. ಪರೀಕ್ಷೆಯ ರಾತ್ರಿಯೂ ಅಲ್ಲೇ ಇರಿ. ಅಪರೂಪಕ್ಕೆ ಕೆಲವು ಗಂಟೆ ಬಿಟ್ಟು ಲಕ್ಷಣ ಮರಳುವುದುಂಟು. ಸುಳ್ಯ ದಾಟಿ ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ ಅದು ಗೊತ್ತಾಗುವುದು ಬೇಡ. ಬೆಳಿಗ್ಗೆ ತಿಂಡಿ ಏನು, ಎಷ್ಟು ಹೊತ್ತಿಗೆ ಎಂಬುದನ್ನೂ ಆಸ್ಪತ್ರೆಯವರನ್ನೇ ಕೇಳಿ.

ನಿಮ್ಮ ಅತ್ತೆಯ ಮಾತು ಅರ್ಧ ಸರಿ. ಡಾಕ್ಟರ್ ಮಾಡಹೊರಟಿರುವುದೂ ಅದನ್ನೇ, ಕೊಟ್ಟು ನೋಡುವುದು. ರಕ್ತ ಪರೀಕ್ಷೆ ಅಂದಾಜು ಹೇಳುತ್ತದೆ ಅಷ್ಟೇ, ಮೈ ಒಪ್ಪುತ್ತದೋ ಇಲ್ಲವೋ ತಿಂದೇ ತಿಳಿಯಬೇಕು. ಆದರೆ ಉಸಿರು ಕಟ್ಟುವಂತಾದರೆ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್, ಅದೂ ತಡಮಾಡದೆ ತೊಡೆಗೆ. ಅಲ್ಲಿ ಅದು ಕೈಗೆಟಕುವಲ್ಲಿ ಇರುತ್ತದೆ. ತೋಟದ ಮನೆಯಲ್ಲಿ ಜೀಪು ಸ್ಟಾರ್ಟ್ ಮಾಡುವಷ್ಟರಲ್ಲಿ ಹೊತ್ತು ಮೀರಬಹುದು. ಅತ್ತೆಯ ಜೊತೆ ವಾದ ಬೇಡ. ‘ನೀವು ಹೇಳಿದ್ದನ್ನೇ ಡಾಕ್ಟರ್ ಮುಂದೆ ಮಾಡ್ತಿದ್ದೀವಿ ಅತ್ತೆ’ ಅನ್ನಿ. ಅಲ್ಲಿಯವರೆಗೆ ಮಗುವಿಗೆ ಮೊಟ್ಟೆ ಕೊಡದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಅವರಿಗೇ ವಹಿಸಿ.

ಗಂಡನಿಗೆ ಒಂದು ಮಾತು ಹೇಳಿ. ಬಹಳಷ್ಟು ಮಕ್ಕಳಿಗೆ ದೊಡ್ಡವರಾದಂತೆ ಮೊಟ್ಟೆಯ ಅಲರ್ಜಿ ತಾನಾಗಿ ಹೊರಟುಹೋಗುತ್ತದೆ. ನೋಡದೇ ಬಿಟ್ಟರೆ, ಹೋಗಿದ್ದರೂ ಗೊತ್ತಾಗುವುದಿಲ್ಲ. ಶಾಲೆಗೆ ಸೇರುವ ವಯಸ್ಸು ಬೇರೆ. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಇದೆ, ಬೇಡದವರಿಗೆ ಬಾಳೆಹಣ್ಣೂ ಇದೆ. ಇವಳು ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ತಿಳಿದಿರುವುದು ಒಳ್ಳೆಯದಲ್ವಾ? ಅವರಿಗೆ ಒಳಗೆ ಕೂರಲು ಧೈರ್ಯ ಸಾಲದಿದ್ದರೆ ಹೊರಗೆ ಇರಲಿ. ಮಗು ನೋಡುವುದು ನಿಮ್ಮ ಮುಖವನ್ನು. ನಿಮಗೇ ಕೈ ನಡುಗಿದರೆ ನರ್ಸ್‌ಗೆ ಹೇಳಿ, ಚಮಚ ಅವರು ಹಿಡಿಯಲಿ. ಯಾವ ಹಂತದಲ್ಲಾದರೂ ನಿಲ್ಲಿಸಿ ಅನ್ನುವ ಹಕ್ಕು ನಿಮಗಿದೆ.

ಮನೆಗೆ ಫೋನ್ ಮಾಡುವಾಗ ಪಾಸು, ಫೇಲು ಎಂದು ಅವಳ ಮುಂದೆ ಮಾತಾಡಬೇಡಿ. ಗಂಧೆ ಎದ್ದರೆ ಅದು ಅವಳ ತಪ್ಪಲ್ಲ. ಬಹುಮಾನ ಕೊಡುವುದಾದರೆ ಅಲ್ಲಿ ಕೂತಿದ್ದಕ್ಕೆ ಕೊಡಿ, ಮುಗಿಸಿದ್ದಕ್ಕಲ್ಲ. ಹುತ್ತರಿಗೆ ನೆಂಟರು ತುಂಬಿರುವ ವಾರದಲ್ಲಿ ದಿನ ಬಿದ್ದಿದ್ದರೆ ಬದಲಾಯಿಸಿ ಎಂದು ಕೇಳಿಕೊಳ್ಳಿ.

ಆಗಿಬಂದರೆ, ಮನೆಯಲ್ಲಿ ವಾರಕ್ಕೆ ಎಷ್ಟು ಸಲ, ಯಾವ ರೂಪದಲ್ಲಿ ಕೊಡಬೇಕು ಎಂದು ಬರೆಸಿಕೊಂಡು ಬನ್ನಿ. ಕೇಕ್ ಆಗಿಬಂದ ಮಾತ್ರಕ್ಕೆ ಆಮ್ಲೆಟ್ ಆಗಿಬರುತ್ತದೆ ಎಂದಲ್ಲ. ಅತ್ತೆಗೂ ಇದನ್ನು ಮೊದಲೇ ತಿಳಿಸಿ. ಆಗಿಬರದಿದ್ದರೆ, ಮುಂದೆ ಯಾವಾಗ ನೋಡಬಹುದು, ಮನೆಯಲ್ಲಿ ಏನು ಔಷಧಿ ಇಟ್ಟುಕೊಳ್ಳಬೇಕು ಎಂದು ಕೇಳಿ. ಅಡ್ರಿನಲಿನ್ ಇಟ್ಟುಕೊಳ್ಳಲು ಹೇಳಿದರೆ ಚುಚ್ಚುವುದನ್ನು ಅಲ್ಲೇ ಕಲಿತು ಬನ್ನಿ. ಒಳಗೆ ಬರಲು ಹೆದರಿದ ನಿಮ್ಮ ಯಜಮಾನರೂ ಕಲಿಯಲಿ.