ಬಿಸಿಯಾದರೆ ಕಾರು ಆಫ್ ಆಗುತ್ತೆ, ಇಸಿಎಂ ಹೋಗಿದೆ ಅಂತಾರೆ. ಬದಲಾಯಿಸಲೇಬೇಕಾ?

ನಿಮ್ಮದು 2014ರ ಪೆಟ್ರೋಲ್ ಕಾರು. ಮುಕ್ಕಾಲು ಗಂಟೆ ಓಡಿದ ಮೇಲೆ ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನವರು ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್ ಹೋಗಿದೆ, 38,000 ರೂಪಾಯಿ ಆಗುತ್ತೆ ಅಂದಿದ್ದಾರೆ. ದಯವಿಟ್ಟು ಈಗಲೇ ಅಡ್ವಾನ್ಸ್ ಕೊಡಬೇಡಿ. ನಾನು ಶಿರಸಿಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ‘ಇಸಿಎಂ ಹೋಗಿದೆ’ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ನಿಜವಾಗಿ ಅದೇ ಹೋಗಿದ್ದು ಬಹಳ ಕಡಿಮೆ.

ಅವರನ್ನು ಒಂದೇ ಪ್ರಶ್ನೆ ಕೇಳಿ: ಸ್ಕ್ಯಾನರ್, ಅಂದರೆ ಇಸಿಎಂ ಹೇಳುವುದನ್ನು ಓದುವ ಯಂತ್ರ, ಹಾಕಿದ್ದು ಯಾವಾಗ? ಗಾಡಿ ನಿಂತಿದ್ದಾಗಲೋ, ತಣ್ಣಗಾಗಿ ಸ್ಟಾರ್ಟ್ ಆದ ಮೇಲೋ? ತಣ್ಣಗಾದ ಮೇಲೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಇಂಥ ಪ್ರಾಬ್ಲಂ ಅನ್ನು ಕೈಕೊಟ್ಟ ಹೊತ್ತಿನಲ್ಲೇ ಹಿಡಿಯಬೇಕು. ಇಸಿಎಂಗೆ ಕರೆಂಟ್ ಸರಿಯಾಗಿ ಬರುತ್ತಿದೆ, ಅರ್ತ್ (ಬ್ಯಾಟರಿ ನೆಗೆಟಿವ್ ಕಡೆಗೆ ಹೋಗುವ ವೈರು) ಗಟ್ಟಿಯಾಗಿದೆ, ಸೆನ್ಸರ್‌ಗಳ ಸಿಗ್ನಲ್ ಒಳಗೆ ತಲುಪುತ್ತಿದೆ, ಆದರೂ ಕಿಡಿ ಕೊಡುವ ಕಾಯಿಲ್‌ಗೋ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೋ ಆರ್ಡರ್ ಹೊರಗೆ ಬರುತ್ತಿಲ್ಲ. ಇಷ್ಟನ್ನೂ ಪರೀಕ್ಷೆ ಮಾಡಿ ತೋರಿಸಿದವರ ಮಾತನ್ನು ಮಾತ್ರ ನಂಬಿ.

ಮುಂದಿನ ಸಲ ನಿಂತಾಗ ಬಾನೆಟ್ ತೆಗೆಯುವ ಮೊದಲು ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಚೆಕ್ ಇಂಜಿನ್ ಲೈಟ್ ಹತ್ತಿತಾ? ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡ್ ಗುಂಯ್ ಅಂದಿತಾ? ಎರಡೂ ಆದರೆ ಇಸಿಎಂ ಎಚ್ಚರವಾಗಿದೆ ಅಂತಲೇ ಲೆಕ್ಕ. ಆಗ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ (ಆ ಕ್ಷಣದ ಅಂಕಿಗಳು) ತೆರೆದು ಸೆಲ್ಫ್ ಹೊಡೆಯಿರಿ, ಆರ್‌ಪಿಎಂ ನೋಡಿ. ಇಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯೇ ಇದ್ದರೆ ತೊಂದರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಸೆನ್ಸರ್) ಅಥವಾ ಅದರ ವೈರಿನದು. ನೀವು ಹೇಳಿದ್ದನ್ನು ಓದಿದಾಗ ನನಗೆ ಮೊದಲು ಅನುಮಾನ ಬಂದಿದ್ದೂ ಇದರ ಮೇಲೇ. ಬಿಸಿಯಾದಾಗ ಸೆನ್ಸರ್ ಒಳಗಿನ ಸಣ್ಣ ತಂತಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕೈಗೆ ಎಟುಕುವ ಜಾಗದಲ್ಲಿದ್ದರೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾಯಿರಿ. ಸ್ಟಾರ್ಟ್ ಆದರೆ ಹೊಸ ಸೆನ್ಸರ್ ಹಾಕಿಸಿ. ಇಸಿಎಂ ಬೆಲೆಯ ಮುಂದೆ ಅದು ಏನೂ ಅಲ್ಲ.

ಚೆಕ್ ಇಂಜಿನ್ ಲೈಟೇ ಹತ್ತದೆ, ಸ್ಕ್ಯಾನರ್ ಕೂಡ ಕನೆಕ್ಟ್ ಆಗದಿದ್ದರೆ ದಾರಿ ಬೇರೆ. ಆಗ ಫ್ಯೂಸ್, ಮೇನ್ ರಿಲೇ (ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್), ಅರ್ತ್ ನೋಡಬೇಕು. ಕುಮಟಾದಿಂದ ಒಂದು ಗಾಡಿ ಬಂದಿತ್ತು, ದೇವಿಮನೆ ಘಾಟಿ ಹತ್ತುವಾಗ ಪ್ರತಿ ಸಲ ಆಫ್. ಬರುವಷ್ಟರಲ್ಲಿ ಯಾರೋ ಗುಜರಿಯಿಂದ ಇಸಿಎಂ ತಂದು ಹಾಕಿ ನೋಡಿದ್ದರು, ಗಾಡಿ ಸ್ಟಾರ್ಟೇ ಆಗಿರಲಿಲ್ಲ. ಹಳೆಯದನ್ನೇ ವಾಪಸ್ ಹಾಕಿ, ನಿಲ್ಲುವವರೆಗೂ ಓಡಿಸಿದೆ. ನಿಂತ ಕೂಡಲೇ ಬ್ಯಾಟರಿ ನೆಗೆಟಿವ್ ತೆಗೆದು ಇಸಿಎಂ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಗ್) ಬಿಚ್ಚಿ, ನೆಗೆಟಿವ್ ಮತ್ತೆ ಹಾಕಿ, ಬ್ಯಾಟರಿಯಿಂದ ನೇರ ಬರುವ ಪಿನ್ನಿಗೂ ಅರ್ತ್ ಪಿನ್ನಿಗೂ ಮೀಟರ್ ಹಿಡಿದೆ. 12.4 ವೋಲ್ಟ್. ಸರಿಯಾಗೇ ಇದೆ ಅಲ್ವಾ? ಅದೇ ಜಾಗಕ್ಕೆ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಕೊಟ್ಟೆ. ಆರುವ ಕೆಂಡದ ಹಾಗೆ ಮಂಕಾಗಿ ಹತ್ತಿತು. ಬಲ್ಬಿನ ಅರ್ತ್ ಕಡೆಯನ್ನು ಮಾತ್ರ ತೆಗೆದು ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿದೆ, ಝಗ್ಗನೆ ಉರಿಯಿತು. ಇಸಿಎಂ ಅರ್ತ್ ವೈರು ಹೋಗಿ ಸೇರುವುದು ಏರ್ ಫಿಲ್ಟರ್ ಡಬ್ಬಿಯ ಕೆಳಗೆ, ಇಂಜಿನ್ನಿನ ಒಂದು ಬೋಲ್ಟಿಗೆ. ಮೇಲಿಂದ ನೋಡಿದರೆ ಹೊಸದರ ಹಾಗಿತ್ತು. ಎಳೆದ ತಕ್ಷಣ ವೈರು ಕೈಗೇ ಬಂತು, ಬುಡದಲ್ಲಿ ಬರೀ ಹಸಿರು ಕಿಲುಬು. ಸಮುದ್ರದ ಉಪ್ಪು ಗಾಳಿ ಅಷ್ಟು ಮಾಡಿತ್ತು. ಹೊಸ ತುದಿ ಹಾಕಿ, ಇಂಜಿನ್ ಓಡುವಾಗ ಇಸಿಎಂ ಅರ್ತ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಕಡಿಮೆ. ಅಷ್ಟೇ ಇರಬೇಕು. ಆಮೇಲೆ ಆ ಗಾಡಿ ಘಾಟಿಯಲ್ಲಿ ನಿಂತಿಲ್ಲ.

ಮೀಟರ್ ಒಂದನ್ನೇ ನಂಬಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಮೀಟರ್ ಕರೆಂಟ್ ಎಳೆಯುವುದು ತೀರಾ ಕಡಿಮೆ, ಹಾಗಾಗಿ ಒಂದು ಎಳೆ ಉಳಿದ ವೈರೂ ಅದಕ್ಕೆ 12 ವೋಲ್ಟ್ ತೋರಿಸುತ್ತದೆ; ಬಲ್ಬ್ ಕರೆಂಟ್ ಎಳೆದಾಗ ಬಣ್ಣ ಬಯಲಾಗುತ್ತದೆ.

ಸ್ಕ್ಯಾನರ್ ತೋರಿಸುವ ಕೋಡ್‌ಗಳ ವಿಷಯಕ್ಕೆ ಬಂದರೆ, ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಕಡೆ. ಪಿ0601, ಪಿ0606 ಬಂದರೆ ಇಸಿಎಂ ಒಳಗಿನ ದೂರು ನಿಜ, ಆದರೆ ಬ್ಯಾಟರಿ ಸೋತಿದ್ದರೂ ಪಿ0606 ಬಂದುಬಿಡಬಹುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಮೊದಲು ಅದನ್ನು ಸರಿ ಮಾಡಿ, ಕೋಡ್ ಅಳಿಸಿ, ಮತ್ತೆ ನೋಡಿ. ನಾಲ್ಕೈದು ಸೆನ್ಸರ್ ಕೋಡ್ ಒಟ್ಟಿಗೇ ಬಂದರೆ ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಇದೆಯಾ ಅಂತ ಅಳೆಯಿರಿ. ಒಂದು ಸೆನ್ಸರ್ ಶಾರ್ಟ್ ಆದರೂ ಆ ಲೈನ್ ಪೂರ್ತಿ ಬೀಳುತ್ತದೆ. ಒಂದೊಂದೇ ಸೆನ್ಸರ್‌ನ ಕಪ್ಲರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ. ಇಲಿ ಕಡಿದ ವೈರ್ ಇದೆಯಾ ಅಂತಲೂ ನೋಡಿ, ಮಳೆಗಾಲದಲ್ಲಿ ನಮ್ಮ ಕಡೆ ಇದು ಜಾಸ್ತಿ.

ಇಷ್ಟೆಲ್ಲ ನೋಡಿಯೂ ಇಸಿಎಂ ಹೋಗಿದೆ ಅಂತಲೇ ಗೊತ್ತಾದರೆ, ಹೊಸದನ್ನು ಹಾಕುವ ಮುಂಚೆ ಹಳೆಯದು ಯಾಕೆ ಸುಟ್ಟಿತು ಅಂತ ಹುಡುಕಲೇಬೇಕು. ಇದನ್ನು ನಾನು ನೋವಿನಿಂದ ಕಲಿತೆ. ಒಂದು ಗಾಡಿಯಲ್ಲಿ ಮೂರನೇ ಸಿಲಿಂಡರ್‌ಗೆ ಕಿಡಿ ಬರುತ್ತಿರಲಿಲ್ಲ. ಇಸಿಎಂ ತೆರೆದರೆ ಆ ಕಾಯಿಲ್ ಓಡಿಸುವ ಟ್ರಾನ್ಸಿಸ್ಟರ್ ಸುತ್ತ ಬೋರ್ಡು ಕಪ್ಪಾಗಿತ್ತು. ಬೇರೆ ಇಸಿಎಂ ಹಾಕಿ ಕಳಿಸಿದೆ. ನಾಲ್ಕನೇ ದಿನ ಅದೇ ಗಾಡಿ ವಾಪಸ್, ಅದೇ ಜಾಗ ಕಪ್ಪು. ಕಾಯಿಲ್ಲೇ ಒಳಗೆ ಶಾರ್ಟ್ ಆಗಿತ್ತು, ನಾನು ಅಳೆದಿರಲಿಲ್ಲ. ಎರಡನೇ ಇಸಿಎಂ ದುಡ್ಡು ನಾನೇ ಹಾಕಿದೆ. ಅವತ್ತಿನಿಂದ ಕಾಯಿಲ್, ಇಂಜೆಕ್ಟರ್ ಎಲ್ಲದರ ಓಮ್ ಅಳೆಯದೆ ಇಸಿಎಂ ಮುಟ್ಟುವುದಿಲ್ಲ. ಸಾಮಾನ್ಯ ಪೆಟ್ರೋಲ್ ಇಂಜೆಕ್ಟರ್ 12ರಿಂದ 16 ಓಮ್ ಇರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ವೋಲ್ಟೇಜ್ 13.5ರಿಂದ 14.5ರ ಆಸುಪಾಸು ಇರಲಿ. 15 ದಾಟಿದರೆ ಹೊಸ ಇಸಿಎಂಗೂ ಅಪಾಯ.

ಬದಲಾಯಿಸುವಾಗ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಒಂದೇ ಮಾಡೆಲ್ ಅಂದರೆ ಸಾಲದು. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಬೇರೆ ಗಾಡಿಯ ಇಸಿಎಂ ಸುಮ್ನೆ ಸಿಕ್ಕಿಸಿದರೆ ಕೀ ಒಪ್ಪುವುದಿಲ್ಲ. ಕುಮಟಾದ ಗಾಡಿಗೆ ಆಗಿದ್ದೂ ಅದೇ. ಹೊಸದಾದರೆ ಕೀ ಜೊತೆ ಪ್ರೋಗ್ರಾಮ್ ಮಾಡಿಸಬೇಕು. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಹಳೆಯದರ ಡೇಟಾ ಓದಿ ಅದಕ್ಕೆ ಬರೆಸಬೇಕು, ಕ್ಲೋನಿಂಗ್ ಅಂತಾರೆ. ಬ್ಯಾಟರಿ ನೆಗೆಟಿವ್ ಬಿಚ್ಚದೆ ಇಸಿಎಂ ಕಪ್ಲರ್ ಎಳೆಯಲು ಬಿಡಬೇಡಿ. ಹಾಕಿದ ಮೇಲೆ ಮೊದಲು ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಓಟ) ಸ್ವಲ್ಪ ಏರುಪೇರಾಗಬಹುದು, ಥ್ರಾಟಲ್ ರೀಲರ್ನ್ (ಇಂಜಿನ್‌ಗೆ ಗಾಳಿ ಬಿಡುವ ಕವಾಟದ ಸ್ಥಾನವನ್ನು ಇಸಿಎಂಗೆ ಮತ್ತೆ ಕಲಿಸುವುದು) ಮಾಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಳೇ ಇಸಿಎಂ ಅನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಕೇಳಿ ಮನೆಗೆ ತನ್ನಿ. ನಿಮ್ಮ ಕೀಗೆ ಹೊಂದುವ ಇಮ್ಮೊಬಿಲೈಸರ್ ಡೇಟಾ ಅದರೊಳಗೆ ಇರಬಹುದು. ಹೊಸದರಲ್ಲಿ ಏನಾದರೂ ಎಡವಟ್ಟಾದರೆ ಹಳೆಯದರಿಂದಲೇ ಮತ್ತೆ ಓದಿಸಬೇಕಾಗಬಹುದು.