ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ಪರೀಕ್ಷೆ ಮಾಡಿಸಬೇಕಾ?

ವಯಸ್ಸು 45, ಸಕ್ಕರೆ ಕಾಯಿಲೆ ಇದೆ, ದೃಷ್ಟಿಗೆ ತೊಂದರೆ ಇಲ್ಲ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮ್ನೆ ಯಾಕೆ ಹೋಗಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಹೋಗಿ.

ಸಕ್ಕರೆ ಜಾಸ್ತಿ ಇದ್ದರೆ ಕಣ್ಣಿನ ಒಳಪರದೆಯ, ಅಂದರೆ ರೆಟಿನಾದ, ಸಣ್ಣ ರಕ್ತನಾಳಗಳು ನಿಧಾನವಾಗಿ ಹಾಳಾಗಿ ಸೋರತೊಡಗುತ್ತವೆ. ಮೊದಮೊದಲು ನೋವಿರುವುದಿಲ್ಲ, ಮಂಜೂ ಇರುವುದಿಲ್ಲ. ನಿಮಗೆ ಗೊತ್ತಾಗುವ ಹೊತ್ತಿಗೆ ಸಾಕಷ್ಟು ಹಾನಿ ಆಗಿರಬಹುದು. ಹೋದ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಬೇಗ ಗೊತ್ತಾದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ಬಹಳಷ್ಟು ಉಳಿಸಿಕೊಳ್ಳಬಹುದು.

ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ, ಕೂಡ ಹೀಗೆಯೇ. ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಚೆನ್ನಾಗಿಯೇ ಇರುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಗಾಡಿ ಓಡಿಸುವವರಿಗೆ ಅಂಚಿನ ನೋಟ ಎಷ್ಟು ಮುಖ್ಯ ಅಲ್ವಾ? ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ವೈದ್ಯರಿಗೆ ಹೇಳಿ.

ಸಕ್ಕರೆ ಇರುವವರು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಅಕ್ಷರ ಓದಿಸಿ ಕನ್ನಡಕ ಬರೆದುಕೊಟ್ಟರೆ ಸಾಲದು. ಡ್ರಾಪ್ಸ್ ಹಾಕಿ ರೆಟಿನಾ ನೋಡಿ ಎಂದು ನೀವೇ ಕೇಳಿ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ, ಹಾಗಾಗಿ ಬೈಕ್ ಬೇಡ, ಬಸ್ಸಿಗೇ ಹೋಗಿ.