40 ಸಾವಿರ ಕೊಡುವ ಮುಂಚೆ ಇದನ್ನು ಓದಿ

150 ಪುಟದ ಕಥಾಸಂಕಲನಕ್ಕೆ ಯಾರೋ ಪುಸ್ತಕ ಮಾಡಿಕೊಡಲು 40 ಸಾವಿರದ ಪ್ಯಾಕೇಜ್ ಹೇಳಿದ್ದಾರೆ, ಕೊಡಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ. ಅವರು ದೊಡ್ಡದಾಗಿ ತೋರಿಸುವ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಪುಸ್ತಕ ಪೂರ್ತಿ ಆಗಲಿ ಅಂತ ಕಾಯಬೇಡಿ, ಈಗಲೇ ಹಾಕಿ.

ಪುಟ ಕಟ್ಟಲು ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶ ಸಾಕು, ನೋಟೋ ಸೆರಿಫ್ ಕನ್ನಡ ಫಾಂಟ್ ಕೂಡ ಪುಕ್ಕಟೆ. ಟೈಪಿಂಗ್ ಮಾತ್ರ, ಫಾಂಟ್ ಬದಲಿಸಿದರೂ ಅಕ್ಷರ ಕೆಡದ ಯುನಿಕೋಡಿನಲ್ಲೇ ಇರಲಿ. ನಾನು ಯುನಿಕೋಡಿಗೂ ಹಿಂದಿನ ಹಳೆಯ ಆಸ್ಕಿ ಫಾಂಟಿನಲ್ಲಿದ್ದ ಕಥೆಗಳನ್ನು ಅದಕ್ಕೆ ಬದಲಾಯಿಸಲು ಹೋಗಿ, ಒತ್ತಕ್ಷರ, ಅರ್ಕಾವತ್ತು ಎಲ್ಲ ಕಲಸಿಹೋಗಿ, ಎರಡು ವಾರ ಸುಮ್ನೆ ತಿದ್ದುತ್ತಾ ಕೂತಿದ್ದೆ.

ಪ್ರೆಸ್ಸಿನವರು ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪಿನ ಲೆಕ್ಕದಲ್ಲಿ ಮಾತಾಡುತ್ತಾರೆ. ಕಥೆ, ಕಾದಂಬರಿಗಳಿಗೆ ಬಳಸುವ ಡೆಮಿ 1/8 ಅಳತೆಯಲ್ಲಿ ಸಾಮಾನ್ಯವಾಗಿ ಒಂದು ಫಾರಂ ಅಂದರೆ 16 ಪುಟ, ಹಾಗಾಗಿ ನಿಮ್ಮ 150 ಅನ್ನು 144ಕ್ಕೆ ಇಳಿಸಿ, ಇಲ್ಲಾ 160ಕ್ಕೆ ಏರಿಸಿ. 100 ಪ್ರತಿ ಸಾಕಾದರೆ ಡಿಜಿಟಲ್ ಪ್ರಿಂಟ್ ಮಾಡಿಸಿ. ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಗಿಟ್ಟುವುದು ಜಾಸ್ತಿ ಪ್ರತಿ ಹಾಕಿಸಿದಾಗಲೇ, ಆದರೆ ಅಷ್ಟನ್ನೂ ಮನೆಯಲ್ಲಿ ಇಟ್ಟುಕೊಳ್ಳುವವರು ನೀವೇ ಅಲ್ವಾ? ಮೂರು ಪ್ರೆಸ್ಸಿನಲ್ಲಿ ರೇಟು ಕೇಳಿ, ಒಂದು ಪ್ರತಿ ಮೊದಲು ತೆಗೆಸಿ ನೋಡಿ.

ಖರ್ಚು ಮಾಡಲೇಬೇಕು ಅನಿಸಿದರೆ ಕರಡು ತಿದ್ದುವವರಿಗೆ ಕೊಡಿ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇದು ಮೊದಲ ಪುಸ್ತಕವಾಗಿದ್ದು ವಯಸ್ಸೂ ಚಿಕ್ಕದಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಯಾವಾಗ ಬರುತ್ತದೆ ಅಂತ ಗಮನಿಸುತ್ತಿರಿ.